ಜಾಲತಾಣಕ್ಕೆ ಬಂದವರು ಹದಿನೈದು ಸೆಕೆಂಡ್ ಕೂಡ ನಿಲ್ಲುತ್ತಿಲ್ಲ, ಏನು ಮಾಡಲಿ?

ಬಿಡಿಭಾಗ
ಎಲ್ಲರಿಗೂ ನಮಸ್ಕಾರ. ನಮ್ಮದು ಪಂಪ್ ಮತ್ತು ಮೋಟಾರ್‌ಗಳ ಬಿಡಿಭಾಗಗಳ ವ್ಯಾಪಾರ. ಬೇರಿಂಗ್, ಸೀಲ್, ಇಂಪೆಲ್ಲರ್, ಕೆಪಾಸಿಟರ್ ಇತ್ಯಾದಿ. ಎಂಟು ತಿಂಗಳ ಹಿಂದೆ ಜಾಲತಾಣ ಮಾಡಿಸಿದೆವು. ನೋಡುವುದಕ್ಕೆ ಲಕ್ಷಣವಾಗಿದೆ. ತೆರೆದ ಕೂಡಲೇ ಐದು ದೊಡ್ಡ ಚಿತ್ರಗಳು ಒಂದಾದ ಮೇಲೊಂದು ಸರಿಯುತ್ತವೆ, ಅದರ ಕೆಳಗೆ ನಮ್ಮ ಗೋದಾಮಿನ ವಿಡಿಯೋ ತಾನಾಗಿಯೇ ಓಡುತ್ತದೆ, ಸ್ವಲ್ಪ ಹೊತ್ತಿಗೆ ‘ನಮ್ಮ ಸುದ್ದಿಪತ್ರಕ್ಕೆ ಹೆಸರು ಕೊಡಿ’ ಎಂಬ ಪಾಪ್‌ಅಪ್ ಏಳುತ್ತದೆ.

ಜನ ಬರುತ್ತಿಲ್ಲ ಎಂದಲ್ಲ. ಗೂಗಲ್ ಹುಡುಕಾಟದಿಂದ ದಿನವೂ ಬರುತ್ತಾರೆ. ಆದರೆ ಹತ್ತು ಮಂದಿ ಬಂದರೆ ಏಳೆಂಟು ಮಂದಿ ಮುಖಪುಟದಿಂದಲೇ ವಾಪಸು. ಸರಾಸರಿ ಹದಿನಾಲ್ಕು ಸೆಕೆಂಡ್. ಮಾಡಿಕೊಟ್ಟವರನ್ನು ಕೇಳಿದರೆ, ‘ಇನ್ನೂ ಸ್ವಲ್ಪ ಅನಿಮೇಷನ್ ಹಾಕೋಣ, ಚಾಟ್ ಪೆಟ್ಟಿಗೆ ಇಡೋಣ, ಆಗ ನಿಲ್ಲುತ್ತಾರೆ’ ಎನ್ನುತ್ತಿದ್ದಾರೆ. ಮತ್ತೆ ದುಡ್ಡು ಸುರಿಯುವ ಮೊದಲು ತಿಳಿದವರನ್ನು ಕೇಳೋಣ ಎನಿಸಿತು. ಜನರನ್ನು ನಿಲ್ಲಿಸುವುದು ಹೇಗೆ?

ಹಳೆಯ ಮೌಸ್
ಐದು ಚಿತ್ರ, ಒಂದು ವಿಡಿಯೋ, ಒಂದು ಪಾಪ್‌ಅಪ್. ಇಷ್ಟಾದ ಮೇಲೂ ಹದಿನಾಲ್ಕು ಸೆಕೆಂಡ್ ನಿಂತವರಿಗೆ ಮೊದಲು ಕೈ ಮುಗಿಯಿರಿ.

ಕೋಡ್‌ಕುಟ್ಟಿಗ
ನೀವು ಖಾಸಗಿಯಾಗಿ ಕಳುಹಿಸಿದ ಕೊಂಡಿಯನ್ನು ಫೋನಿನಲ್ಲಿ ತೆರೆದು ನೋಡಿದೆ. ಮುಖಪುಟದ ತೂಕ 23 ಎಂಬಿ. ಐದು ಚಿತ್ರಗಳೂ ಕ್ಯಾಮೆರಾದಿಂದ ಇಳಿಸಿದ ಹಾಗೆಯೇ ಕುಳಿತಿವೆ, ಒಂದೊಂದೂ 6000 ಪಿಕ್ಸೆಲ್ ಅಗಲ. ಫೋನಿನ ಪರದೆಗೆ ಅದರ ಕಾಲು ಭಾಗವೂ ಬೇಡ.

ಗೂಗಲ್ 2020ರಲ್ಲಿ ‘ಕೋರ್ ವೆಬ್ ವೈಟಲ್ಸ್’ ಎಂದು ಮೂರು ಅಳತೆಗಳನ್ನು ಮುಂದಿಟ್ಟಿತು. ಪರದೆಯ ಮೇಲಿನ ಅತಿ ದೊಡ್ಡ ಭಾಗ 2.5 ಸೆಕೆಂಡಿನೊಳಗೆ ಕಾಣಿಸಿಕೊಳ್ಳಬೇಕು ಎನ್ನುವುದು ಒಂದು. ಓದುತ್ತಿರುವಾಗ ಪುಟ ಜಿಗಿಯಬಾರದು ಎನ್ನುವುದು ಇನ್ನೊಂದು, ಆ ಜಿಗಿತಕ್ಕೆ ಕೊಡುವ ಅಂಕ 0.1 ದಾಟಬಾರದು. ಮೂರನೆಯದು ಬೆರಳಿಟ್ಟಾಗ ಪುಟ ಎಷ್ಟು ಬೇಗ ಓಗೊಡುತ್ತದೆ ಎಂಬುದು. 2024ರ ಮಾರ್ಚ್‌ನಲ್ಲಿ ಇದನ್ನು ಅಳೆಯುವ ಕ್ರಮವನ್ನೇ ಬದಲಿಸಿದರು, ಈಗ 200 ಮಿಲಿಸೆಕೆಂಡ್ ಒಳಗಿದ್ದರೆ ಒಳ್ಳೆಯದು ಎಂದು ಲೆಕ್ಕ. ನಿಮ್ಮ ಪುಟದಲ್ಲಿ ಮೊದಲನೆಯದೇ 11 ಸೆಕೆಂಡ್ ಬಂತು.

ಅಂದರೆ ಹದಿನಾಲ್ಕು ಸೆಕೆಂಡಿನಲ್ಲಿ ಹನ್ನೊಂದನ್ನು ಅವರು ಕಾಯುತ್ತಾ ಕಳೆದಿದ್ದಾರೆ. ಅನಿಮೇಷನ್ ಹಾಕಿದರೆ ಇನ್ನೂ ಹೆಚ್ಚು ಹೊತ್ತು ‘ನಿಲ್ಲುತ್ತಾರೆ’, ಸುಳ್ಳಲ್ಲ.

ಮೂಗುತೂರಿಸುವವ
ಕೊನೆಯ ಸಾಲಿಗೆ ನನ್ನದೊಂದು ಚಪ್ಪಾಳೆ.

ಬಿಡಿಭಾಗ
ಅಯ್ಯೋ. ನಮ್ಮ ಕಚೇರಿಯ ಕಂಪ್ಯೂಟರಿನಲ್ಲಿ ತಟ್ಟನೆ ತೆರೆದುಕೊಳ್ಳುತ್ತದಲ್ಲ?

ಕೋಡ್‌ಕುಟ್ಟಿಗ
ನೀವು ನೂರು ಸಲ ತೆರೆದಿದ್ದೀರಿ, ಚಿತ್ರಗಳೆಲ್ಲ ನಿಮ್ಮ ಬ್ರೌಸರಿನ ಸಂಗ್ರಹದಲ್ಲೇ ಇವೆ. ಖಾಸಗಿ ಕಿಟಕಿಯಲ್ಲಿ ತೆರೆಯಿರಿ. ಕ್ರೋಮ್‌ನ ಡೆವಲಪರ್ ಪರಿಕರಗಳಲ್ಲಿ ಸಂಪರ್ಕದ ವೇಗವನ್ನು ಬೇಕೆಂದೇ ತಗ್ಗಿಸುವ ಆಯ್ಕೆ ಇದೆ, ಅದನ್ನು ಹಾಕಿ ನೋಡಿ. ಹೊಸಬನೊಬ್ಬನಿಗೆ ನಿಮ್ಮ ಅಂಗಡಿಯ ಬಾಗಿಲು ಹೇಗೆ ತೆರೆಯುತ್ತದೆ ಎಂದು ಗೊತ್ತಾಗುತ್ತದೆ.

ಇನ್ನೊಂದು ತಮಾಷೆ. ಕೆಳಗಿರುವ ಚಿತ್ರಗಳನ್ನು ಓದುಗ ಅಲ್ಲಿಗೆ ಬಂದಾಗ ಮಾತ್ರ ತರಿಸುವ ‘ಲೇಜಿ ಲೋಡಿಂಗ್’ ಎಂಬ ವಿಧಾನವಿದೆ, ಒಳ್ಳೆಯದೇ. ನಿಮ್ಮವರು ಅದನ್ನು ಎಲ್ಲಕ್ಕಿಂತ ಮೇಲಿನ ಚಿತ್ರಕ್ಕೂ ಹಾಕಿದ್ದಾರೆ. ಮೊದಲು ಬರಬೇಕಾದದ್ದೇ ಕೊನೆಗೆ ಬರುತ್ತಿದೆ. ಚಿತ್ರಗಳಿಗೆ ಅಗಲ, ಎತ್ತರ ಬರೆದಿಲ್ಲ. ಹಾಗಾಗಿ ಚಿತ್ರ ಬಂದಾಗಲೆಲ್ಲ ಕೆಳಗಿನ ಬರಹ ಧೊಪ್ಪೆಂದು ಕೆಳಕ್ಕೆ ಜಾರುತ್ತದೆ. ನಾನು ‘ಸಂಪರ್ಕಿಸಿ’ ಮೇಲೆ ಬೆರಳಿಡಲು ಹೋಗಿ ವಿಡಿಯೋ ಮೇಲೆ ಇಟ್ಟೆ.

ಮಾರಾಟದ ಮಾತು
ವೇಗ ವೇಗ ಎಂದು ಎಷ್ಟು ಕುಣಿಯುತ್ತೀರಿ! 2016ರಲ್ಲಿ ಗೂಗಲ್ ‘ಮೂರು ಸೆಕೆಂಡಿಗಿಂತ ತಡವಾದರೆ ಮೊಬೈಲ್ ಭೇಟಿಗಳಲ್ಲಿ ಶೇ 53 ಬಿಟ್ಟುಹೋಗುತ್ತವೆ’ ಎಂದಿದ್ದೇ ತಡ, ಎಲ್ಲರ ಬಾಯಲ್ಲೂ ಅದೇ ಮಂತ್ರ. ಬೇಗ ತೆರೆದುಕೊಂಡ ಖಾಲಿ ಪುಟದಿಂದ ಏನು ಬಂತು? ಹದಿನೆಂಟು ವರ್ಷದಿಂದ ಮಾರಾಟದಲ್ಲಿದ್ದೇನೆ. ಬಂದವನ ವಿಳಾಸ ಹಿಡಿಯದೆ ಕಳುಹಿಸುವುದು ವ್ಯಾಪಾರವೇ ಅಲ್ಲ. ಪಾಪ್‌ಅಪ್ ಇರಲಿ. ನನ್ನ ಅರ್ಧ ಗಿರಾಕಿಗಳು ಆ ಪೆಟ್ಟಿಗೆಯಿಂದಲೇ ಬಂದವರು.

ಕೋಡ್‌ಕುಟ್ಟಿಗ
ಯಾವ ವ್ಯಾಪಾರ ಸರ್ ನಿಮ್ಮದು?

ಮಾರಾಟದ ಮಾತು
ತರಬೇತಿ ಶಿಬಿರಗಳು.

ಕೋಡ್‌ಕುಟ್ಟಿಗ
ಅಲ್ಲಿಗೆ ಉತ್ತರ ಸಿಕ್ಕಿತು. ಶಿಬಿರಕ್ಕೆ ಸೇರಬೇಕೋ ಬೇಡವೋ ಎಂದು ಜನ ವಾರಗಟ್ಟಲೆ ಯೋಚಿಸುತ್ತಾರೆ, ನಿಮ್ಮ ಪತ್ರ ಅವರಿಗೆ ಬೇಕು. ಬೇರಿಂಗ್ ಒಡೆದವನಿಗೆ ಸುದ್ದಿಪತ್ರ ಏತಕ್ಕೆ? ‘ಈ ತಿಂಗಳ ಬೇರಿಂಗ್ ಸಮಾಚಾರ’ ಓದಲಿಕ್ಕೆಯೇ? ಅಂದ ಹಾಗೆ, ಮೊಬೈಲ್‌ನಲ್ಲಿ ಹುಡುಕಾಟದಿಂದ ಬಂದವರಿಗೆ ವಿಷಯವನ್ನೇ ಮುಚ್ಚುವ ಪಾಪ್‌ಅಪ್ ಇದ್ದರೆ ಅಂಥ ಪುಟದ ಶ್ರೇಯಾಂಕ ಇಳಿಯಬಹುದು ಎಂದು ಗೂಗಲ್ 2017ರ ಜನವರಿಯಿಂದಲೇ ನಿಯಮ ಮಾಡಿದೆ.

ಲೆಕ್ಕದವಳು
ಎಲ್ಲರೂ ಮದ್ದು ಅರೆಯಲು ಕುಳಿತಿದ್ದೀರಿ, ರೋಗ ಯಾವುದೆಂದು ಯಾರೂ ಕೇಳಲಿಲ್ಲ. ಬಿಡಿಭಾಗ ಅವರೇ, ಆ ಹದಿನಾಲ್ಕು ಸೆಕೆಂಡ್ ನಿಜಕ್ಕೂ ಕೆಟ್ಟ ಸುದ್ದಿಯೇ?

ನಾನು ಒಂದು ಬೀಗ ರಿಪೇರಿಯವರ ಜಾಲತಾಣದ ಲೆಕ್ಕ ನೋಡುತ್ತಿದ್ದೆ. ಭೇಟಿಯ ಸರಾಸರಿ ಒಂಬತ್ತು ಸೆಕೆಂಡ್. ಮಾಲೀಕರು ಬೆವರಿ ಹೋಗಿದ್ದರು. ಆಮೇಲೆ ಫೋನ್ ಸಂಖ್ಯೆಯ ಮೇಲೆ ಬೆರಳಿಟ್ಟದ್ದನ್ನೂ ಎಣಿಸಲು ಶುರುಮಾಡಿದೆವು. ಬಂದವರಲ್ಲಿ ಮೂರನೆಯ ಒಂದು ಪಾಲು ಕರೆ ಮಾಡುತ್ತಿದ್ದರು! ಬಾಗಿಲ ಹೊರಗೆ ಸಿಕ್ಕಿಕೊಂಡವನು ಕಂಪನಿಯ ಇತಿಹಾಸ ಓದುತ್ತಾ ನಿಲ್ಲುತ್ತಾನೆಯೇ? ಸಂಖ್ಯೆ ಕಂಡಿತು, ಒತ್ತಿದ, ಹೋದ. ಆ ಜಾಲತಾಣಕ್ಕೆ ಒಂಬತ್ತು ಸೆಕೆಂಡ್ ಎನ್ನುವುದೇ ಹೆಮ್ಮೆ.

ಜಾಲತಾಣದ ಭೇಟಿಗಳನ್ನು ಎಣಿಸುವ ಈಗಿನ ಗೂಗಲ್ ಅನಲಿಟಿಕ್ಸ್‌ನಲ್ಲಿ ಒಂದು ಭೇಟಿ 10 ಸೆಕೆಂಡಿಗಿಂತ ಹೆಚ್ಚು ನಡೆದರೆ, ಅಥವಾ ಎರಡು ಪುಟ ನೋಡಿದರೆ, ಅಥವಾ ನೀವು ಮುಖ್ಯವೆಂದು ಗುರುತಿಸಿದ ಕೆಲಸವೊಂದು ನಡೆದರೆ ಅದನ್ನು ‘ತೊಡಗಿದ ಭೇಟಿ’ ಎಂದು ಎಣಿಸುತ್ತದೆ. ಮೂರನೆಯದನ್ನು ನೀವೇ ಹೇಳಿಕೊಡಬೇಕು. ಹೇಳಿಕೊಡದಿದ್ದರೆ ಎಂಟು ಸೆಕೆಂಡಿನಲ್ಲಿ ಕರೆ ಮಾಡಿದ ಗಿರಾಕಿಯನ್ನು ಅದು ಓಡಿಹೋದವರ ಪಟ್ಟಿಗೆ ಸೇರಿಸುತ್ತದೆ. 2023ರ ಜುಲೈಗೆ ಮುಂಚಿನ ಹಳೆಯ ಅನಲಿಟಿಕ್ಸ್ ಇನ್ನೂ ವಿಚಿತ್ರ. ಒಂದೇ ಪುಟವನ್ನು ಅರ್ಧ ಗಂಟೆ ಓದಿ ಹೋದರೂ ಸಾಮಾನ್ಯವಾಗಿ ಸೊನ್ನೆ ಸೆಕೆಂಡ್ ಎನ್ನುತ್ತಿತ್ತು, ಏಕೆಂದರೆ ಎರಡನೆಯ ಪುಟ ತೆರೆದ ಸಮಯದಿಂದ ಮೊದಲನೆಯದನ್ನು ತೆರೆದ ಸಮಯವನ್ನು ಕಳೆದೇ ಅದು ಲೆಕ್ಕ ಹಾಕುತ್ತಿತ್ತು.

ಹಾಗಾಗಿ ಎರಡು ಪ್ರಶ್ನೆ. ಫೋನ್ ಒತ್ತಿದ್ದನ್ನು ಎಣಿಸುತ್ತಿದ್ದೀರಾ? ಹುಡುಕಾಟದ ವಿವರ ತೋರಿಸುವ ಗೂಗಲ್‌ನ ಸರ್ಚ್ ಕನ್ಸೋಲ್ ತೆರೆದರೆ, ಜನ ಯಾವ ಪದ ಹುಡುಕಿ ಬರುತ್ತಿದ್ದಾರೆ?

ಬಿಡಿಭಾಗ
ಎಣಿಸುತ್ತಿಲ್ಲ ಮೇಡಂ. ಅಸಲಿಗೆ ನಮ್ಮ ಫೋನ್ ಸಂಖ್ಯೆ ಒಂದು ಚಿತ್ರದೊಳಗೆ ಬರೆದದ್ದು, ಒತ್ತಿದರೆ ಏನೂ ಆಗುವುದಿಲ್ಲ ಎಂದು ಈಗ ನೋಡಿ ತಿಳಿಯಿತು.

ಹುಡುಕಿದ ಪದಗಳು ಹೀಗಿವೆ: ‘6204 2ಆರ್‌ಎಸ್’, ‘6203 ಜಡ್‌ಜಡ್ ಬೇರಿಂಗ್’, ‘ಪಂಪ್ ಸೀಲ್ 12 ಮಿ.ಮೀ.’, ‘ಒಂದು ಎಚ್‌ಪಿ ಮೋಟಾರ್ ಕೆಪಾಸಿಟರ್’. ಕೆಳಗೆ ಇಳಿದಷ್ಟೂ ಬರೀ ಇಂಥವೇ. ನಮ್ಮ ಕಂಪನಿಯ ಹೆಸರು ಹುಡುಕಿ ಬಂದವರು ಬೆರಳೆಣಿಕೆಯಷ್ಟು, ಅದರಲ್ಲಿ ನಾನೂ ಒಬ್ಬ ಎಂದು ಕಾಣುತ್ತದೆ.

ಲೆಕ್ಕದವಳು
6204 ಹುಡುಕಿ ಬಂದವನಿಗೆ ನಿಮ್ಮ ಮುಖಪುಟದಲ್ಲಿ 6204 ಎಂಬ ಅಂಕಿ ಎಲ್ಲಿದೆ?

ಬಿಡಿಭಾಗ
ಮುಖಪುಟದಲ್ಲಿ ಇಲ್ಲ. ಮೆನುವಿನಲ್ಲಿ ‘ಉತ್ಪನ್ನಗಳು’, ಅದರೊಳಗೆ ‘ಕ್ಯಾಟಲಾಗ್’, ಅದು ನಲವತ್ತು ಪುಟಗಳ ಪಿಡಿಎಫ್. 31ನೆಯ ಪುಟದಲ್ಲಿದೆ.

ಹಳೆಯ ಮೌಸ್
ಪಾತಾಳದಲ್ಲಿ ಬಚ್ಚಿಟ್ಟಿದ್ದರೆ ಇದಕ್ಕಿಂತ ಬೇಗ ಸಿಗುತ್ತಿತ್ತು.

ಗ್ರೀಸ್ ಕೈ
ಇಷ್ಟು ಹೊತ್ತು ಓದುತ್ತಿದ್ದೆ, ಈಗ ಮಾತನಾಡಲೇಬೇಕು. ನಾನು ಮೋಟಾರ್ ರಿಪೇರಿ ಮಾಡುವವನು, ಇಂಥ ಜಾಲತಾಣಗಳಿಗೆ ಬರುವ ಅತಿಥಿ ನಾನೇ.

ನಾನು ಹೇಗೆ ಬರುತ್ತೇನೆ ಗೊತ್ತೇ? ಪಂಪ್ ಬಿಚ್ಚಿ ನೆಲದ ಮೇಲೆ ಹರಡಿರುತ್ತದೆ. ನೀರು ನಿಂತು ಮನೆಯವರು ತಲೆಯ ಮೇಲೆ ನಿಂತಿರುತ್ತಾರೆ. ಬಲಗೈ ತುಂಬ ಗ್ರೀಸ್, ಫೋನ್ ಎಡಗೈಯಲ್ಲಿ, ಅದೂ ಹೆಬ್ಬೆರಳಿನ ಗೆಣ್ಣಿನಿಂದ ಒತ್ತಬೇಕು. ಬೇರಿಂಗನ್ನು ಬಟ್ಟೆಯಲ್ಲಿ ಒರೆಸಿ ಬೆಳಕಿಗೆ ಓರೆಯಾಗಿ ಹಿಡಿದರೆ ಅಂಚಿನಲ್ಲಿ ಸಣ್ಣ ಅಂಕಿ ಕಾಣುತ್ತದೆ, ಅದನ್ನೇ ಹುಡುಕುತ್ತೇನೆ. ನನಗೆ ಬೇಕಾದ್ದು ಮೂರೇ: ಇದೆಯೇ, ಯಾವಾಗ ಸಿಗುತ್ತದೆ, ಯಾರಿಗೆ ಫೋನ್ ಮಾಡಲಿ. ಅಲ್ಲಿ ನಗುಮುಖದ ಇಬ್ಬರು ಕೋಟು ತೊಟ್ಟು ಕೈಕುಲುಕುವ ಫೋಟೊ ಬಂದರೆ ನನಗೆ ಮೈ ಉರಿಯುತ್ತದೆ. ಪಿಡಿಎಫ್ ಬಂದರಂತೂ ಮುಚ್ಚಿಯೇ ಬಿಡುತ್ತೇನೆ. ಒಂದೇ ಕೈಯಲ್ಲಿ ಅದನ್ನು ಹಿಗ್ಗಿಸಿ ಸರಿಸಿ ಓದುವುದು ಯಾರಿಂದಾದೀತು?

ಇನ್ನೊಂದು. ಎಷ್ಟೋ ಸಲ ಅಂಕಿ ಅಳಿಸಿರುತ್ತದೆ. ಆಗ ಬೇರಿಂಗನ್ನೇ ಅಳೆಯುತ್ತೇನೆ. ಒಳ ವ್ಯಾಸ 20, ಹೊರ ವ್ಯಾಸ 47, ದಪ್ಪ 14 ಮಿ.ಮೀ. ಎಂದು ಹಾಕಿದರೆ 6204 ಎಂದು ತೋರಿಸುವ ಜಾಲತಾಣವಿದ್ದರೆ ನಾನು ಅದನ್ನು ಬಿಟ್ಟು ಬೇರೆಡೆ ಹೋಗುವುದಿಲ್ಲ. ನಿಲ್ಲುವುದು ಎಂದರೆ ಇದು.

ಮೂಗುತೂರಿಸುವವ
ವಿಷಯಾಂತರಕ್ಕೆ ಕ್ಷಮೆ ಇರಲಿ. 6204 ಎಂಬುದರಲ್ಲಿ 20 ಎಲ್ಲಿ ಬಂತು?

ಗ್ರೀಸ್ ಕೈ
ಕೊನೆಯ ಎರಡು ಅಂಕಿಯನ್ನು ಐದರಿಂದ ಗುಣಿಸಿ. 04 ಎಂದರೆ 20, 05 ಎಂದರೆ 25. ಆದರೆ 03ಕ್ಕೆ ಈ ಲೆಕ್ಕ ನಡೆಯುವುದಿಲ್ಲ, ಅದು 17. 00, 01, 02 ಕ್ರಮವಾಗಿ 10, 12, 15. ಜಡ್‌ಜಡ್ ಎಂದರೆ ಎರಡು ಬದಿಗೂ ಲೋಹದ ಮುಚ್ಚಳ, 2ಆರ್‌ಎಸ್ ಎಂದರೆ ಎರಡು ಬದಿಗೂ ರಬ್ಬರ್ ಸೀಲ್.

ಮೂಗುತೂರಿಸುವವ
ಬೇರಿಂಗ್ ಬಗ್ಗೆ ಇಷ್ಟು ಆಸಕ್ತಿ ಹುಟ್ಟೀತು ಎಂದುಕೊಂಡಿರಲಿಲ್ಲ.

ಅಕ್ಷರಮೋಹಿ
ನೋಡಿದಿರಾ ಬಿಡಿಭಾಗ ಅವರೇ? ಗ್ರೀಸ್ ಕೈ ಅವರ ಈ ಆರು ಸಾಲು ನಿಮ್ಮ ಜಾಲತಾಣದ ಯಾವುದೇ ಪುಟಕ್ಕಿಂತ ಚೆನ್ನಾಗಿ ಹಿಡಿದು ನಿಲ್ಲಿಸಿತು. ಚಲಿಸುವ ಚಿತ್ರ ಒಂದೂ ಇಲ್ಲ. ಇದನ್ನೇ ‘ಬೇರಿಂಗ್ ಸಂಖ್ಯೆ ಓದುವುದು ಹೇಗೆ’ ಎಂದು ಒಂದು ಪುಟ ಮಾಡಿ.

ಸರಿಯುವ ಚಿತ್ರಗಳ ವಿಷಯ. ಅಮೆರಿಕದ ನೊಟ್ರೆ ಡೇಮ್ ವಿಶ್ವವಿದ್ಯಾಲಯದ ಜಾಲತಾಣದ ಅಂಕಿಅಂಶಗಳನ್ನು 2013ರಲ್ಲಿ ಅಲ್ಲಿನವರೇ ಹೊರಗಿಟ್ಟಿದ್ದರು. ಮುಖಪುಟದ ಸ್ಲೈಡರ್ ಮೇಲೆ ಒತ್ತಿದವರು ಸುಮಾರು ಶೇ 1. ಆ ಒತ್ತುಗಳಲ್ಲೂ ಶೇ 84 ಮೊದಲ ಚಿತ್ರಕ್ಕೇ. ಉಳಿದ ಚಿತ್ರಗಳನ್ನು ಸಭೆಯಲ್ಲಿ ಜಗಳವಾಡಿ ಹಾಕಿಸಿಕೊಂಡ ವಿಭಾಗಗಳ ಮುಖ ನೆನೆಸಿಕೊಳ್ಳಿ. ನನ್ನ ಅನುಭವದಲ್ಲಿ ಸ್ಲೈಡರ್ ಹುಟ್ಟುವುದೇ ಹಾಗೆ: ಯಾವುದು ಮುಖ್ಯ ಎಂದು ತೀರ್ಮಾನಿಸಲಾಗದೆ ಎಲ್ಲವನ್ನೂ ಸರದಿಯಲ್ಲಿ ನಿಲ್ಲಿಸುತ್ತಾರೆ.

ಮಾರಾಟದ ಮಾತು
ಒಂದು ವಿಶ್ವವಿದ್ಯಾಲಯದ ಅಂಕಿಯನ್ನು ಜಗತ್ತಿನ ವ್ಯಾಪಾರಕ್ಕೆಲ್ಲ ಹಚ್ಚುವುದು ಸರಿಯಲ್ಲ. ಬಟ್ಟೆ ಅಂಗಡಿಯ ಸ್ಲೈಡರಿನಿಂದ ಮಾರಾಟ ಏರಿದ್ದನ್ನು ಕಣ್ಣಾರೆ ಕಂಡಿದ್ದೇನೆ.

ಅಕ್ಷರಮೋಹಿ
ಒಪ್ಪಿದೆ. ಬಟ್ಟೆಗೆ ಚಿತ್ರವೇ ಸರಕು, ಜನ ತಾವಾಗಿ ಸರಿಸಿ ನೋಡುತ್ತಾರೆ. ತಾನಾಗಿ ಸರಿಯುವುದರ ಮೇಲೆ ನನ್ನ ತಕರಾರು. ಓದು ಮುಗಿಯುವ ಮೊದಲೇ ಕೈಯಿಂದ ಪತ್ರಿಕೆ ಕಿತ್ತುಕೊಂಡ ಹಾಗೆ.

ದಪ್ಪಕನ್ನಡಕ
ನನ್ನಂಥವರಿಗೆ ಅದು ಬರೀ ಕಿರಿಕಿರಿಯಲ್ಲ. ಪಕ್ಕದಲ್ಲಿ ಏನಾದರೂ ಓಡಾಡುತ್ತಿದ್ದರೆ ನಾನು ಓದುತ್ತಿದ್ದ ಸಾಲು ತಪ್ಪಿಹೋಗುತ್ತದೆ. ತಾನಾಗಿ ಶುರುವಾಗಿ ಐದು ಸೆಕೆಂಡಿಗಿಂತ ಹೆಚ್ಚು ಚಲಿಸುವುದು ಬರಹದ ಜೊತೆಗಿದ್ದರೆ, ಅದನ್ನು ನಿಲ್ಲಿಸುವ ದಾರಿ ಇರಬೇಕು ಎಂದು ಜಾಲತಾಣಗಳು ಎಲ್ಲರಿಗೂ ಬಳಸಲು ಬರುವಂತಿರಬೇಕು ಎನ್ನುವ ಡಬ್ಲ್ಯುಸಿಎಜಿ ಮಾರ್ಗಸೂಚಿಯೇ ಹೇಳುತ್ತದೆ. ಹಿನ್ನೆಲೆಗೂ ಸಾಮಾನ್ಯ ಗಾತ್ರದ ಅಕ್ಷರಕ್ಕೂ ಹೊಳಪಿನಲ್ಲಿ ಕಡೇ ಪಕ್ಷ 4.5ಕ್ಕೆ 1ರಷ್ಟು ವ್ಯತ್ಯಾಸ ಬೇಕು ಎನ್ನುವುದೂ ಅಲ್ಲಿಯದೇ. ಬಿಳಿಯ ಮೇಲೆ ತಿಳಿ ಬೂದು ಅಕ್ಷರ ಹಾಕಿ ‘ಎಷ್ಟು ಸೊಗಸು’ ಎನ್ನುವ ವಿನ್ಯಾಸಕರನ್ನು ನನ್ನ ಕನ್ನಡಕ ಹಾಕಿಸಿ ಬಿಸಿಲಿನಲ್ಲಿ ಕೂರಿಸಬೇಕು.

ಅಕ್ಷರಮೋಹಿ
ಕನ್ನಡದ ಪುಟವಾದರೆ ಇನ್ನೊಂದು ಕಾಟ. ಇಂಗ್ಲಿಷಿಗೆ ಹೊಂದಿಸಿದ ಸಾಲಿನ ಅಂತರವನ್ನೇ ಇಟ್ಟರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಣಿತಕ್ಕೆ ಡಿಕ್ಕಿ ಹೊಡೆಯುತ್ತದೆ. ಗುಂಡಿಯೊಳಗೆ ಬರೆದರೆ ‘ಸಂಪರ್ಕ’ದ ಅರ್ಕಾವೊತ್ತು ಉಳಿದು, ‘ಉತ್ಪನ್ನ’ದ ಒತ್ತುಗಳ ಕಾಲು ಕತ್ತರಿಸಿರುತ್ತದೆ. ನಾನು ಅಂತರವನ್ನು ಅಕ್ಷರ ಗಾತ್ರದ 1.6 ಪಟ್ಟಿಗಿಂತ ಕಡಿಮೆ ಇಡುವುದಿಲ್ಲ.

ಹಳೆಯ ಮೌಸ್
ಎಲ್ಲರೂ ಬಯ್ಯುವಾಗ ನನ್ನದೂ ಒಂದಿರಲಿ. ಆ ಮೂರು ಅಡ್ಡಗೆರೆಯ ಮೆನು! 1981ರಲ್ಲಿ ಜೆರಾಕ್ಸ್ ಸ್ಟಾರ್ ಕಂಪ್ಯೂಟರಿಗಾಗಿ ನಾರ್ಮ್ ಕಾಕ್ಸ್ ಬಿಡಿಸಿದ ಚಿಹ್ನೆ ಅದು. ಸಣ್ಣ ಪರದೆಯಲ್ಲಿ ಜಾಗ ಉಳಿಸಲು ಸರಿಯೇ. ಎರಡು ಅಡಿ ಅಗಲದ ಪರದೆಯಲ್ಲೂ ನಾಲ್ಕೇ ನಾಲ್ಕು ಕೊಂಡಿಗಳನ್ನು ಅದರೊಳಗೆ ಮಡಚಿ ಇಡುವುದು ಯಾವ ಶಾಸ್ತ್ರ?

ಕೋಡ್‌ಕುಟ್ಟಿಗ
ಬಿಡಿಭಾಗ ಅವರ ಜಾಲತಾಣದಲ್ಲೂ ಹಾಗೆಯೇ ಇದೆ.

ಹಳೆಯ ಮೌಸ್
ನೋಡದೆಯೇ ಹೇಳಿದ್ದೆ.

ಲೆಕ್ಕದವಳು
ಬಿಡಿಭಾಗ ಅವರೇ, ನಮ್ಮೆಲ್ಲರ ಮಾತು ಬದಿಗಿಡಿ. ನಿಮ್ಮ ಜಾಲತಾಣವನ್ನು ನೋಡಿರದ ಐದು ಜನರನ್ನು ಒಬ್ಬೊಬ್ಬರಾಗಿ ಕೂರಿಸಿ, ಅವರ ಫೋನನ್ನೇ ಕೊಟ್ಟು ‘6204 ಇದೆಯೇ ನೋಡಿ’ ಎನ್ನಿ. ಐದು ಜನ ಸಾಕು ಎಂದು ಜಾಲತಾಣಗಳ ಬಳಕೆಯ ತಜ್ಞ ಯಾಕೋಬ್ ನೀಲ್ಸನ್ 2000ದಲ್ಲೇ ವಾದಿಸಿದ್ದರು. ಎಲ್ಲ ಸಂದರ್ಭಕ್ಕೂ ಆ ಸಂಖ್ಯೆ ಸಾಲದು, ಆದರೆ ನಿಮ್ಮ ಸ್ಥಿತಿಗೆ ಧಾರಾಳವಾಯಿತು. ಷರತ್ತು ಒಂದೇ, ನೀವು ಬಾಯಿ ಬಿಡಬಾರದು.

ಬಿಡಿಭಾಗ
ನಾಲ್ಕು ದಿನ ಕಾಣೆಯಾಗಿದ್ದಕ್ಕೆ ಕ್ಷಮಿಸಿ. ಮೇಡಂ ಹೇಳಿದಂತೆ ಮಾಡಿದೆ. ಐವರು ಸಿಗಲಿಲ್ಲ, ಮೂವರು.

ಮೊದಲು ನಮ್ಮ ಸೋದರಮಾವ. ಫೋನನ್ನು ಮೇಜಿನ ಮೇಲಿಟ್ಟು ತೋರುಬೆರಳಿನಿಂದ ಒತ್ತುವವರು. ಮುಖಪುಟ ತೆರೆಯಲು ಕಾದರು. ಚಿತ್ರ ಬಂತು, ಓದಲು ಕತ್ತು ಬಗ್ಗಿಸಿದರು, ಅಷ್ಟರಲ್ಲಿ ಅದು ಸರಿಯಿತು. ‘ಎಲ್ಲಿ ಹೋಯಿತು?’ ಎಂದು ನನ್ನ ಮುಖ ನೋಡಿದರು. ನಾನು ತುಟಿ ಕಚ್ಚಿಕೊಂಡು ಕುಳಿತೆ. ಪಾಪ್‌ಅಪ್ ಬಂದಾಗ ಅದರ ಮೂಲೆಯ ಗುಣಾಕಾರ ಚಿಹ್ನೆ ಅವರಿಗೆ ಕಾಣಲೇ ಇಲ್ಲ, ಕಂಡ ಮೇಲೂ ಮೂರು ಸಲ ಒತ್ತಿದರೂ ಬೆರಳಿಗೆ ಸಿಗಲಿಲ್ಲ. ನಾಲ್ಕನೆಯ ಸಲಕ್ಕೆ ಫೋನನ್ನೇ ಬೋರಲು ಹಾಕಿ, ‘ನಿನ್ನ ಹತ್ತಿರ ಇದೆಯೋ ಇಲ್ಲವೋ ಬಾಯಲ್ಲಿ ಹೇಳಿಬಿಡು’ ಎಂದರು.

ಇನ್ನಿಬ್ಬರದೂ ಹೆಚ್ಚುಕಡಿಮೆ ಇದೇ ಕಥೆ. ಒಬ್ಬರು ವಿಚಾರಣೆಯ ಅರ್ಜಿಯವರೆಗೆ ತಲುಪಿದರು. ಅಲ್ಲಿ ಹನ್ನೊಂದು ಮನೆಗಳನ್ನು ತುಂಬಬೇಕು. ‘ಹುಟ್ಟಿದ ದಿನಾಂಕ ಏತಕ್ಕೆ?’ ಎಂದು ಕೇಳಿದರು. ನನಗೂ ಗೊತ್ತಿಲ್ಲ.

ಮೂಗುತೂರಿಸುವವ
ಸೋದರಮಾವನವರನ್ನು ವೇದಿಕೆಗೆ ಸೇರಿಸಿ. ನಮ್ಮೆಲ್ಲರಿಗಿಂತ ಚುರುಕು.

ಕೋಡ್‌ಕುಟ್ಟಿಗ
ಅರ್ಜಿಯಲ್ಲಿ ಹೆಸರು, ಫೋನ್, ‘ಏನು ಬೇಕು’, ಇಷ್ಟೇ ಸಾಕು. ಫೋನ್ ಸಂಖ್ಯೆಯ ಮನೆಗೆ ಅದು ಫೋನ್ ಎಂದು ಕೋಡಿನಲ್ಲಿ ತಿಳಿಸಿದರೆ ಅಂಕಿಗಳ ಕೀಲಿಮಣೆಯೇ ಮೇಲೇಳುತ್ತದೆ. ಅಕ್ಷರ ಗಾತ್ರ 16 ಪಿಕ್ಸೆಲ್‌ಗಿಂತ ಕಡಿಮೆಯಿದ್ದರೆ ಐಫೋನ್‌ನಲ್ಲಿ ಬರೆಯಲು ಹೋದ ಕೂಡಲೇ ಪುಟ ತಾನಾಗಿ ಹಿಗ್ಗಿ ಪಕ್ಕಕ್ಕೆ ಸರಿಯುತ್ತದೆ, ಅದನ್ನೂ ನೋಡಿಕೊಳ್ಳಿ. ಬೇರಿಂಗಿನ ಅಥವಾ ನೇಮ್‌ಪ್ಲೇಟಿನ ಫೋಟೊ ಸೇರಿಸುವ ಗುಂಡಿ ಒಂದನ್ನು ಇಟ್ಟರೆ ಗ್ರೀಸ್ ಕೈ ಅವರು ಟೈಪ್ ಮಾಡುವುದೂ ತಪ್ಪುತ್ತದೆ.

ಗ್ರೀಸ್ ಕೈ
ಅದೊಂದು ಮಾಡಿದರೆ ಪುಣ್ಯ ಬರುತ್ತದೆ.

ಮಾರಾಟದ ಮಾತು
ಸರಿ, ಪಾಪ್‌ಅಪ್ ಬಗ್ಗೆ ನಾನು ಒಂದು ಹೆಜ್ಜೆ ಹಿಂದೆ ಸರಿಯುತ್ತೇನೆ. ಪೂರ್ತಿ ಅಲ್ಲ. ಫೋಟೊ ಕಳುಹಿಸಿದವನ ಫೋನ್ ಸಂಖ್ಯೆ ಹೇಗೂ ಸಿಕ್ಕಿತಲ್ಲ, ‘ಮುಂದೆಯೂ ತಿಳಿಸಬಹುದೇ’ ಎಂದು ಅಲ್ಲೇ ಒಂದು ಸಾಲು ಕೇಳಿ. ಕೊಟ್ಟ ಮೇಲೆ ಕೇಳಿದರೆ ಜನ ಬೇಡ ಎನ್ನುವುದಿಲ್ಲ.

ಲೆಕ್ಕದವಳು
ಆ ಗುರುತು ಮೊದಲೇ ಹಾಕಿರಬಾರದು, ಅವರೇ ಹಾಕಬೇಕು. ಉಳಿದಂತೆ ನಿಮ್ಮ ಮಾತಿಗೆ ನನ್ನ ಸಹಿ.

ಬಿಡಿಭಾಗ
ಇನ್ನೊಂದು ವರದಿ, ಐದು ವಾರಗಳ ನಂತರ. ಸ್ಲೈಡರ್, ವಿಡಿಯೋ, ಪಾಪ್‌ಅಪ್ ಮೂರೂ ಹೋದವು. ಈಗ ತೆರೆದರೆ ಮೇಲೆ ಒಂದು ಹುಡುಕು ಪೆಟ್ಟಿಗೆ, ‘ಬೇರಿಂಗ್ ಸಂಖ್ಯೆ ಅಥವಾ ಅಳತೆ ಹಾಕಿ’ ಎಂದು. ಅದರ ಕೆಳಗೆ ಒತ್ತಿದರೆ ಕರೆ ಹೋಗುವ ಸಂಖ್ಯೆ. ಪಿಡಿಎಫ್ ಬಿಡಿಸಿ ಒಂದೊಂದು ಭಾಗಕ್ಕೂ ಒಂದೊಂದು ಪುಟ ಮಾಡುತ್ತಿದ್ದೇವೆ, ಇನ್ನೂರರಷ್ಟು ಆಗಿದೆ, ಇನ್ನೂ ಬಹಳ ಇದೆ. ಗ್ರೀಸ್ ಕೈ ಅವರ ಅನುಮತಿ ಪಡೆದು ಅವರ ಆರು ಸಾಲನ್ನೂ ಹಾಕಿದ್ದೇವೆ.

ಸರಾಸರಿ ಸಮಯ ಹದಿನಾಲ್ಕರಿಂದ ಇಪ್ಪತ್ತೊಂದಕ್ಕೆ ಬಂದಿದೆ, ಅಷ್ಟೇ. ಆದರೆ ಕೌಂಟರಿನ ಫೋನ್ ಈಗ ಸುಮ್ಮನಿರುವುದಿಲ್ಲ. ಕರೆ ಮಾಡಿದವರು ‘ಬೇರಿಂಗ್ ಇದೆಯೇ’ ಎನ್ನುವುದಿಲ್ಲ, ‘6204 2ಆರ್‌ಎಸ್ ಎರಡು ಎತ್ತಿಡಿ’ ಎನ್ನುತ್ತಾರೆ. ಸಂಖ್ಯೆ ಓದುವ ಆ ಪುಟದಲ್ಲಿ ಮಾತ್ರ ಜನ ಎರಡು ನಿಮಿಷ ನಿಲ್ಲುತ್ತಿದ್ದಾರೆ.

ಒಂದೇ ಸಮಸ್ಯೆ ಉಳಿದಿದೆ. ಗೋದಾಮಿನ ಮುಂದೆ ಎಲ್ಲರೂ ನಿಂತು ತೆಗೆಸಿಕೊಂಡ ಫೋಟೊ ಮುಖಪುಟದಿಂದ ಹೋಯಿತಲ್ಲ, ನಮ್ಮ ತಂದೆಯವರು ಮಾತು ಬಿಟ್ಟಿದ್ದಾರೆ.

ಅಕ್ಷರಮೋಹಿ
ಅದನ್ನು ‘ನಮ್ಮ ಬಗ್ಗೆ’ ಪುಟದಲ್ಲಿ ದೊಡ್ಡದಾಗಿ ಹಾಕಿ. ನಿಜವಾದ ಜನರ ಫೋಟೊ ಅದು, ಕೋಟು ತೊಟ್ಟು ಕೈಕುಲುಕುವವರಿಗಿಂತ ಸಾವಿರ ಪಾಲು ಮೇಲು. ಮೊದಲ ಸಲ ಆರ್ಡರ್ ಕೊಡುವವರು ಆ ಪುಟವನ್ನು ಒಮ್ಮೆ ತೆರೆದು ನೋಡಿಯೇ ನೋಡುತ್ತಾರೆ.

ಬಿಡಿಭಾಗ
ಈಗಷ್ಟೇ ಹಾಕಿದೆ. ತಂದೆಯವರಿಗೂ ತೋರಿಸಿದೆ, ಸಮಾಧಾನವಾಯಿತು.

ಕೋಡ್‌ಕುಟ್ಟಿಗ
ಫೋಟೊದ ಗಾತ್ರ ಎಷ್ಟು?

ಬಿಡಿಭಾಗ
9 ಎಂಬಿ. ತೆಗೆಯುತ್ತಿದ್ದೇನೆ, ತೆಗೆಯುತ್ತಿದ್ದೇನೆ.